ಚಂಪಕ್ಕ ಕಟ್ಟಿದ ಕೊನೆ

ಸೇತುವೆ ದಾಟಿ ನಮ್ಮೂರಿಗೆ ಬರುವ ಯಾವ ಕಥೆಪುಸ್ತಕಕ್ಕೂ ಕೊನೆಯ ಅಧ್ಯಾಯ ಇರುವುದಿಲ್ಲ. ಆಚೆ ದಡದ ಅಂಗಡಿಯಲ್ಲಿ ಕೊಳ್ಳುವಾಗ ಇರುತ್ತದೆ. ಬಸ್ಸು ಗಡಗಡ ಅಂತ ಸೇತುವೆ ಹಾದು ಈಚೆಗೆ ಇಳಿಯುವಷ್ಟರಲ್ಲಿ ಆ ಹಾಳೆಗಳೆಲ್ಲ ತೊಳೆದಿಟ್ಟ ತಟ್ಟೆಯ ಹಾಗೆ ಬೆಳ್ಳಗಾಗಿರುತ್ತವೆ. ಅಲ್ಲೇ ಕೂತು ಓದಿ, ಕೊನೆಯನ್ನು ತಲೆಯಲ್ಲಿ ತುಂಬಿಕೊಂಡು ಬರುತ್ತೇನೆ ಅಂತ ಹೊರಟ ಜಾಣರಿಗೇನೂ ಕೊರತೆಯಿಲ್ಲ. ಈಚೆ ಬಂದ ಮೇಲೆ ಅವರಿಗೆ ಕಥೆಯೆಲ್ಲ ನೆನಪಿರುತ್ತದೆ, ಕೊನೆ ಮಾತ್ರ ಮಾಯ. ನಮ್ಮ ಟೈಲರ್ ಮಹಬೂಬ ಒಮ್ಮೆ ಹಾಗೆ ಹೋಗಿ ಕಣ್ಣು ಕೆಂಪು ಮಾಡಿಕೊಂಡು ಬಸ್ಸಿಳಿದ. "ಯಾಕೋ ಅತ್ತಿದ್ದು?" ಅಂದರೆ, "ನಂಗೇನು ಗೊತ್ತು ಮಾರಾಯಾ, ಅತ್ತಿದೀನಿ ಅಂತ ಕಾಣ್ತದೆ" ಅಂದ. ಫೋನಿನಲ್ಲಾದರೂ ಹೇಳಿಸಿಕೊಳ್ಳೋಣ ಅಂದರೆ ಸರಿಯಾಗಿ ಆ ಜಾಗಕ್ಕೆ ಬಂದಾಗ ಗೊರ್ ಅಂತ ಸದ್ದು ಶುರುವಾಗುತ್ತದೆ.

ಹಾಗಂತ ನಾವೇನೂ ಸೊರಗಿಲ್ಲ. ದಿನಪತ್ರಿಕೆ ನೆಟ್ಟಗೆ ಬರುತ್ತದೆ, ಯಾಕಂದರೆ ಸುದ್ದಿಗೆ ಕೊನೆ ಅನ್ನುವುದೇ ಇಲ್ಲವಲ್ಲ. ನಮ್ಮ ಟಾಕೀಸಿನಲ್ಲಿ ಸಿನಿಮಾ ಓಡುತ್ತ ಓಡುತ್ತ ಪರದೆ ಬೆಳ್ಳಗಾದಾಗ ಮಾಲೀಕರು ಲೈಟು ಹಾಕಿ ಚಹಾ ಕಳಿಸುತ್ತಾರೆ. ಹೀರೋ ಉಳಿದನೋ ಹೋದನೋ ಅಂತ ಗಾಂಧಿಕ್ಲಾಸಿನವರೂ ಬಾಲ್ಕನಿಯವರೂ ಅಲ್ಲೇ ಕೂತು ತೀರ್ಮಾನ ಮಾಡಿ ಮನೆಗೆ ಹೋಗುತ್ತಾರೆ. ಶಾಲೆಯ ಪರೀಕ್ಷೆಯಲ್ಲಿ "ಕಥೆಯ ಕೊನೆಯಲ್ಲಿ ಏನಾಯಿತು?" ಅಂತ ಕೇಳುವುದಿಲ್ಲ. "ಏನಾಗಿರಬೇಕು? ಕಾರಣ ಕೊಡಿ" ಅಂತ ಕೇಳುತ್ತಾರೆ. ಹೊರಗಿನಿಂದ ಬಂದ ಮೇಷ್ಟರುಗಳಿಗೆ ಇದು ತಲೆನೋವು. ನಮ್ಮ ಮಕ್ಕಳಿಗೆ ನೀರು ಕುಡಿದಷ್ಟು ಸಲೀಸು. ಎರಡನೇ ಪುಟದಲ್ಲಿ ಯಾರಾದರೂ ಕೆಮ್ಮಿದರೆ ಸಾಕು, "ಇವನು ಉಳಿಯಲ್ಲ ಬಿಡು" ಅಂತ ಷರಾ ಬರೆದುಬಿಡುತ್ತವೆ!

ಇಂಥ ಊರಿನಲ್ಲಿ ದೊಡ್ಡವರು ಅನ್ನಿಸಿಕೊಂಡವರು ಚಂಪಕ್ಕ. ಹಿಟ್ಟಿನ ಗಿರಣಿಯ ಹಿಂದೆ ನಮ್ಮದೊಂದು ಓದುಮನೆ ಇದೆ. ಅಲ್ಲಿ ಸಂಜೆ ಹೊತ್ತು ಒಬ್ಬರು ಪುಸ್ತಕ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಬೆಳ್ಳಗಿನ ಹಾಳೆ ಬಂದಾಗ ಅವರೇ ಕೊನೆ ಕಟ್ಟಿಕೊಡುತ್ತಾರೆ. ಓದುವವನು ನಾನು, ಕರಿಬಸಯ್ಯ. ನನಗೆ ಗಂಟಲು ಕೊಟ್ಟ ಶಿವ ತಲೆಯ ವಿಷಯದಲ್ಲಿ ಸ್ವಲ್ಪ ಕೈ ಬಿಗಿ ಹಿಡಿದ. ಅರ್ಥ ಹೇಳುವವರು ಚಂಪಕ್ಕ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಎತ್ತರದ ಆಳು, ಮಾತು ಕಡಿಮೆ. ಮಾತಾಡಿದರೆ ಮಾತ್ರ ಎದುರಿಗೆ ಕೂತವರು ಎಲೆ ಅಡಿಕೆ ಅಗಿಯುವುದನ್ನೂ ನಿಲ್ಲಿಸಬೇಕು.

ಅವರ ಕ್ರಮ ಯಾವತ್ತೂ ಒಂದೇ. ಮೊದಲು ಪದ, ಆಮೇಲೆ ಸುಳಿವು, ಕಡೆಗೆ ಹೂರಣ. ಒಂದು ಸಲ ದಂಡಿಗೆ ಹೊರಟ ಮಗನ ಕಾದಂಬರಿ ಓದುತ್ತಿದ್ದೆ. ಮೊದಲ ಅಧ್ಯಾಯದಲ್ಲೇ ಅಪ್ಪ ಮಗನನ್ನು ಬೀಳ್ಕೊಡುತ್ತಾನೆ, ಅಮ್ಮ ಹಿತ್ತಲಲ್ಲಿ ಕೂತು ಉಪ್ಪಿನಕಾಯಿ ಹಾಕುತ್ತಿರುತ್ತಾಳೆ, "ಬರೋ ವರ್ಷಕ್ಕೆ ಪಸಂದಾಗಿರುತ್ತೆ" ಅನ್ನುತ್ತಾಳೆ. ನಾನು ಗಡಗಡ ಓದಿ ಮುಂದೆ ಹೋಗುತ್ತಿದ್ದೆ. ಚಂಪಕ್ಕ ಕೈ ಎತ್ತಿದರು. "ಸಂತೆಗೆ ಹೋಗೋರನ್ನ ನಾವು ಕಳಿಸ್ತೀವಿ, ಬೀಳ್ಕೊಡೋದಿಲ್ಲ. ಅಪ್ಪನ ಬಾಯಲ್ಲಿ ಏನೂ ಇಲ್ಲ, ಆದ್ರೆ ಬರೆದೋನು ಆ ಪದ ಹಾಕಿದಾನೆ. ಹಾಗಾಗಿ ಮಗ ವಾಪಸ್ ಬರೋದಿಲ್ಲ ಅಂತ ಅಪ್ಪನ ಮನಸ್ಸಿಗೆ ಗೊತ್ತಾಗಿದೆ. ಅಮ್ಮನಿಗೆ ಗೊತ್ತಾಗಿಲ್ಲ, ಆಕೆ ಬರೋ ವರ್ಷದ ಮಾತಾಡ್ತಿದಾಳೆ. ಗೊತ್ತಿಲ್ಲದೋರಿಗೆ ಗೊತ್ತಾಗೋದೇ ಕಥೆ. ಅದಕ್ಕೇ ಕೊನೆ ಅಧ್ಯಾಯ ಅಪ್ಪಂದಲ್ಲ, ಅಮ್ಮಂದು. ಆ ಭರಣಿ ಬಾಯಿ ಬಿಚ್ಚೋದೇ ಕೊನೆ." ಇಡೀ ಓದುಮನೆ ಮೂಗು ಒರೆಸಿಕೊಂಡಿತು. ನಾನು ಆ ವಾಕ್ಯವನ್ನು ನನ್ನ ಬಾಯಿಂದಲೇ ಓದಿದವನು, ನನಗೆ ಕಂಡದ್ದು ಉಪ್ಪಿನಕಾಯಿ ಮಾತ್ರ. ಇದಕ್ಕೆ ಹೊಟ್ಟೆಕಿಚ್ಚು ಪಡಬೇಕೋ ಕೈ ಮುಗಿಯಬೇಕೋ? ನಾನು ಎಂದೋ ಕೈ ಮುಗಿದಾಗಿದೆ.

ಹೋದ ಬೇಸಗೆಯಲ್ಲಿ ಹಾಲಮ್ಮಜ್ಜಿಯ ಮನೆಗೆ ಆಚೆ ದಡದಿಂದ ಒಂದು ಪಾರ್ಸೆಲ್ಲು ಬಂತು. ಒಳಗೆ "ಗೋಪುರದ ಕೀಲಿ" ಅನ್ನುವ ಕಾದಂಬರಿ. ಬರೆದವಳು ಅಜ್ಜಿಯ ಸ್ವಂತ ತಂಗಿ ಕೊಟ್ರಮ್ಮ. ಕೊಟ್ರಮ್ಮ ಎಳೆ ವಯಸ್ಸಿನಲ್ಲೇ ಊರು ಬಿಟ್ಟು ಸೇತುವೆ ದಾಟಿದವಳು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಅಲ್ಲಿ ಮುನಿಸಿಪಾಲಿಟಿಯಲ್ಲಿ ಏನೋ ಕೆಲಸದಲ್ಲಿದ್ದಳಂತೆ, ಮದುವೆ ಆಗಲಿಲ್ಲವಂತೆ, ಈಗ ತೀರಿಕೊಂಡಳಂತೆ. ಪುಸ್ತಕ ಅಚ್ಚು ಹಾಕಿದವರು ಅಕ್ಕನ ವಿಳಾಸ ಹುಡುಕಿ ಕಳಿಸಿದ್ದರು. ಹಾಲಮ್ಮಜ್ಜಿ ಸೊಂಟ ಮುರಿದುಕೊಂಡು ಪಡಸಾಲೆಯ ಮಂಚ ಹಿಡಿದು ಆಗಲೇ ಬಹಳ ದಿನವಾಗಿತ್ತು. ಅವಳಿಗೆ ಓದು ಬರುವುದಿಲ್ಲ. ನನಗೂ ಚಂಪಕ್ಕನಿಗೂ ಹೇಳಿಕಳಿಸಿದಳು.

ನಾವು ಹೋದಾಗ ಪುಸ್ತಕ ಎದೆಯ ಮೇಲಿಟ್ಟುಕೊಂಡು ಮಲಗಿದ್ದಳು. "ಬಾಗಿಲು ಮುಂದೆ ಮಾಡಲೇ ಕರಿಬಸ್ಯಾ" ಅಂದಳು. ಆಮೇಲೆ ಹೇಳಿದಳು. ಕೊಟ್ರಮ್ಮನಿಗೆ ಒಳ್ಳೆ ಮನೆತನದ ಸಂಬಂಧ ಕೂಡಿಬಂದಿತ್ತಂತೆ. ಹಾಲಮ್ಮನ ಗಂಡನ ಮನೆಗಿಂತ ದೊಡ್ಡ ಮನೆ. ಅದೇ ಹೊಟ್ಟೆಕಿಚ್ಚಿಗೆ ಹಾಲಮ್ಮ ಹುಡುಗನ ಸೋದರತ್ತೆಯ ಕಿವಿಯಲ್ಲಿ "ನಮ್ಮ ಕೊಟ್ರಿಗೆ ಮೂರ್ಛೆ ಬರ್ತೈತೆ" ಅಂತ ಒಂದು ಮಾತು ಹಾಕಿದಳು. ಮೂರ್ಛೆಯೂ ಇಲ್ಲ, ಮಣ್ಣೂ ಇಲ್ಲ. ಸಂಬಂಧ ಮುರಿಯಿತು. ಹೇಳಿದ್ದು ಅಕ್ಕನೇ ಅಂತ ಕೊಟ್ರಮ್ಮನಿಗೆ ಗೊತ್ತಾಯಿತು. ಅವಳು ಜಗಳ ಮಾಡಲಿಲ್ಲ, ಅಳಲಿಲ್ಲ, ಒಂದು ಟ್ರಂಕು ಹಿಡಿದು ಬಸ್ಸು ಹತ್ತಿದಳು.

"ಅವಳ ಬಾಳು ಹಾಳು ಮಾಡಿದೋಳು ನಾನೇ ಕಣವ್ವಾ ಚಂಪವ್ವಾ," ಅಂದಳು ಅಜ್ಜಿ. "ಒಂದು ಸಲ ಬೈದಿದ್ರೂ ಇಳಿದುಹೋಗ್ತಿತ್ತು. ಬೈಲಿಲ್ಲ. ಹೇಳೋದೇನಿದ್ರೂ ಇದ್ರಾಗೆ ಹೇಳಿರ್ತಾಳೆ. ಕೊನೆಗೆ ನನ್ನ ಕ್ಷಮಿಸಿದ್ಲಾ ಇಲ್ಲಾ ಅಂತ ಅಷ್ಟು ನೋಡಿ ಹೇಳು, ನಾನು ಕಣ್ಣು ಮುಚ್ಕೋತೀನಿ."

"ಅಜ್ಜಿ, ಕಾರು ಮಾಡ್ಕೊಂಡು ನಿನ್ನೇ ಆಚೆಗೆ ಕರ್ಕೊಂಡು ಹೋಗಿ ಅಲ್ಲೇ ಓದ್ತೀನಿ" ಅಂದೆ ನಾನು.

"ಆಮೇಲೆ? ತಿರುಗಿ ಬಂದ್ರೆ ಮರ್ತು ಹೋಗ್ತೈತೆ. ನೆನಪಿಟ್ಕೊಂಡು ಸಾಯ್ಬೇಕಂದ್ರೆ ಆ ದಡದಾಗೇ ಸಾಯ್ಬೇಕು. ನಾನು ಸಾಯೋದು ಈ ಮಂಚದ ಮೇಲೆ" ಅಂತ ನನ್ನ ಬಾಯಿ ಮುಚ್ಚಿಸಿದಳು.

ಬಾಗಿಲೇನೋ ಮುಂದೆ ಮಾಡಿದ್ದೆ. ಪಕ್ಕದ ಮನೆಯ ಕಿಟಕಿ ತೆರೆದಿತ್ತು. ಸಂಜೆಯ ಹೊತ್ತಿಗೆ ಹೋಟೆಲಿನಲ್ಲಿ ಚಟ್ನಿಯ ಜೊತೆ ಇದನ್ನೂ ಬಡಿಸುತ್ತಿದ್ದರು. ಮಾರನೇ ದಿನ ಮಧ್ಯಾಹ್ನ ನಾನು ಪುಸ್ತಕ ಬಿಚ್ಚುವಾಗ ಹಾಲಮ್ಮಜ್ಜಿಯ ಪಡಸಾಲೆ, ಜಗಲಿ, ಅಂಗಳವೆಲ್ಲ ಜನವೋ ಜನ. ಅಜ್ಜಿ ಮುನಿಸಿಕೊಳ್ಳುತ್ತಾಳೇನೋ ಅಂದುಕೊಂಡೆ. ಅವಳು, "ಇರ್ಲಿ ಬಿಡು, ಎಲ್ಲಾ ಸೇರಿ ಹುಡುಕ್ಲಿ" ಅಂದಳು.

ಹುಡುಕಿದರು ನೋಡಿ! ಕಥೆ ಸರಳ. ಗಿರಿಜೆ ಅನ್ನುವ ಎತ್ತರದ ಹೆಂಗಸು ಒಂದು ಊರಿಗೆ ಬರುತ್ತಾಳೆ. ಅಲ್ಲಿ ಊರ ನಡುವೆ ಒಂದು ಗಡಿಯಾರದ ಗೋಪುರ. ಅದಕ್ಕೆ ಕೀಲಿ ಕೊಡುವ ವೀರಾಚಾರಿ ಅನ್ನುವ ಮುದುಕನಿಂದ ಕೆಲಸ ಕಲಿಯುತ್ತಾಳೆ, ಮುದುಕ ಸತ್ತ ಮೇಲೆ ತಾನೇ ಆ ಗಡಿಯಾರವನ್ನು ನೋಡಿಕೊಳ್ಳುತ್ತಾಳೆ. ಅಷ್ಟೇ. ಹಲ್ಲಿನ ಚಕ್ರ, ಎಣ್ಣೆ, ತುಕ್ಕು, ಕೀಲಿ ತೂಗುಹಾಕುವ ಮೊಳೆ, ಪಾರಿವಾಳದ ಹಿಕ್ಕೆ, ಅದನ್ನು ಗುಡಿಸುವ ಮಲ್ಲಿ, ಇವೇ ಪುಟಗಟ್ಟಲೆ. ಆದರೆ ನಮ್ಮೂರಿನವರು ಕೇಳಿದ್ದೇ ಬೇರೆ. ಗಿರಿಜೆಗೆ ಯಾರೋ ಮುದುಕಿ ಮಜ್ಜಿಗೆ ಕೊಟ್ಟರೆ, "ಅದೇ ಅಕ್ಕ! ಮಜ್ಜಿಗೆ ತಂಪು, ಅಂದ್ರೆ ಕ್ಷಮೆ!" ಅಂತ ಹೋಟೆಲ್ ಗುರುಶಾಂತಪ್ಪ ತೊಡೆ ತಟ್ಟಿದ. ಗಡಿಯಾರ ಕೆಟ್ಟು ನಿಂತರೆ, "ನಿಂತ ಗಳಿಗೆ ಯಾವುದು ನೋಡ್ರೀ, ಸಂಬಂಧ ಮುರಿದ ಗಳಿಗೆ ಇರ್ಬೇಕು. ಅವಳು ಕ್ಷಮಿಸಿಲ್ಲ" ಅಂತ ಮಹಬೂಬ ತಲೆ ಅಲ್ಲಾಡಿಸಿದ. ಊರು ಎರಡು ಪಾಲಾಯಿತು. ಕ್ಷಮಿಸಿದಳು ಅನ್ನುವವರು ಗುರುಶಾಂತಪ್ಪನ ಹೋಟೆಲಿನಲ್ಲಿ, ಇಲ್ಲ ಅನ್ನುವವರು ಮಹಬೂಬನ ಅಂಗಡಿಯ ಕಟ್ಟೆಯ ಮೇಲೆ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಆಗಿ ಒಲೆ ಹಚ್ಚದ ಮನೆಗಳೂ ಇದ್ದವು.

ನಡುವೆ ಸಿಕ್ಕಿಕೊಂಡವಳು ಹಾಲಮ್ಮಜ್ಜಿ. ಒಂದು ದಿನ ಮಜ್ಜಿಗೆಯ ಮುದುಕಿ ಬಂದಳು ಅಂತ ಹಿಗ್ಗಿ ಎರಡು ತುತ್ತು ಉಣ್ಣುವಳು. ಮರುದಿನ ಗಡಿಯಾರ ನಿಂತಿತು ಅಂತ ತಟ್ಟೆ ತಳ್ಳುವಳು. ಪುಟ ಕಳೆದ ಹಾಗೆ ಆಕೆ ಒಣಗುತ್ತಿದ್ದದ್ದು ನಮಗೆ ಕಾಣುತ್ತಿತ್ತು. ಚಂಪಕ್ಕ ಮಾತ್ರ ತುಟಿ ಬಿಚ್ಚಲಿಲ್ಲ. ಪದದ ಅರ್ಥ ಕೇಳಿದರೆ ಹೇಳುತ್ತಿದ್ದರು. ಉಳಿದದ್ದಕ್ಕೆ, "ಪೂರಾ ಓದಿ ಮುಗೀಲಿ" ಅನ್ನುತ್ತಿದ್ದರು.

ಬೆಳ್ಳಗಿನ ಹಾಳೆಗಳು ಬಂದವು. ಮರುದಿನ ಮಧ್ಯಾಹ್ನ ಕೊನೆ ಕಟ್ಟುವುದು ಅಂತ ತೀರ್ಮಾನವಾಯಿತು. ಬೆಳಗ್ಗೆ ಗುರುಶಾಂತಪ್ಪ ಚಂಪಕ್ಕನ ಮನೆಗೆ ಬಂದ, ಹಿಂದೆಯೇ ಮಹಬೂಬನೂ ಬಂದ. ಆಶ್ಚರ್ಯ ಅಂದರೆ ಇಬ್ಬರದೂ ಈಗ ಒಂದೇ ರಾಗ. "ಅಕ್ಕಾರೇ, ನಮ್ಮ ವಾದ ಹಾಳಾಗಿಹೋಗ್ಲಿ. ಮುದುಕಿ ಜೀವ ಹಿಡ್ಕೊಂಡು ಕೂತೈತೆ. ಕ್ಷಮಿಸಿದ್ಲು ಅಂತ ಒಂದು ಮಾತು ಹೇಳಿಬಿಡ್ರಿ. ಯಾರು ಆಚೆಗೆ ಹೋಗಿ ನೋಡಿ ಬರ್ತಾರೆ?" ನಾನೂ ಸುಮ್ಮನಿರಲಿಲ್ಲ. "ಹೌದು ಚಂಪಕ್ಕಾ, ಹಾಗೇ ಹೇಳಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಅಂದೆ.

ಚಂಪಕ್ಕ ಸೊಪ್ಪು ಸೋಸುತ್ತಿದ್ದವರು ತಲೆ ಎತ್ತಲಿಲ್ಲ. "ಒಂದು ಸಲ ನಾನು ಕನಿಕರಕ್ಕೆ ಸುಳ್ಳು ಹೇಳಿದ್ರೆ, ನಾಳೆ ನಾನು ಹೇಳಿದ ನಿಜಾನೂ ಕನಿಕರಕ್ಕೇ ಹೇಳಿದ್ದು ಅನ್ಕೋತೀರಿ" ಅಂದರು. "ಆಕೆ ದಡ್ಡಿ ಅಲ್ಲ ಕರಿಬಸಯ್ಯಾ. ಇಷ್ಟು ವರ್ಷ ಈ ಊರಲ್ಲಿ ಕಥೆ ಕೇಳಿದಾಳೆ. ಬೆಲ್ಲ ಸವರಿದ್ದು ಆಕೆಗೆ ಗೊತ್ತಾಗದೇ ಇರುತ್ತಾ? ಆಮೇಲೆ ನಿಜ ಹೇಳೋರು ಆಕೆಗೆ ಯಾರೂ ಇರಲ್ಲ." ನಾವು ಮೂವರೂ ಬಾಲ ಮುದುರಿಕೊಂಡು ಎದ್ದೆವು.

ಮಧ್ಯಾಹ್ನ ಅಂಗಳದ ತುಂಬ ಜನ ಕೂತಿದ್ದರು. ಹಾಲಮ್ಮಜ್ಜಿ ಮೂರು ದಿಂಬಿಗೆ ಒರಗಿ ಚಂಪಕ್ಕನ ಮುಖವನ್ನೇ ನೋಡುತ್ತಿದ್ದಳು. ಚಂಪಕ್ಕ ಅವಳ ಮಂಚದ ಮೇಲೇ ಕೂತರು. "ಕರಿಬಸಯ್ಯಾ, ಸಂಬಂಧ ಮುರಿದ ಜಾಗ ಓದು" ಅಂದರು.

ನಾನು ಹುಡುಕಿ ಓದಿದೆ. "ಆ ಸಂಬಂಧ ಯಾಕೋ ಮುರಿಯಿತು, ಅಷ್ಟು ಹೊತ್ತಿಗೆ ಮಾವಿನಕಾಯಿಯ ಕಾಲ ಬಂದಿತ್ತು."

"ಇನ್ನೆಲ್ಲಾದ್ರೂ ಅದರ ಮಾತು ಬರುತ್ತಾ?"

ನಾನು ಪುಟ ತಿರುವಿದೆ. ಇಲ್ಲ. ಎಲ್ಲೂ ಇಲ್ಲ.

"ಅಜ್ಜಿ," ಅಂದರು ಚಂಪಕ್ಕ, ಅವಳ ಕೈ ಹಿಡಿದುಕೊಂಡು. "ಕ್ಷಮಿಸಿದ್ಲೋ ಇಲ್ವೋ ಅಂತ ಕೇಳಿದ್ರಿ. ನಾನು ಹುಡುಕಿದೆ. ಈ ಪುಸ್ತಕದಲ್ಲಿ ಆ ಪ್ರಶ್ನೇನೇ ಇಲ್ಲ. ಇದರ ಹೂರಣ ನೀವಲ್ಲ."

ಅಜ್ಜಿಗೆ ಅರ್ಥವಾಗಲಿಲ್ಲ. "ಅಂದ್ರೆ? ನಾನು ಇದ್ರಾಗೆ ಇಲ್ಲಾ?"

"ಅರ್ಧ ವಾಕ್ಯದಲ್ಲಿ ಇದೀರಿ."

ಅಬ್ಬಾ, ಆಗ ಆ ಮುದುಕಿಗೆ ಬಂದ ಸಿಟ್ಟೇ! ಮುರಿದ ಸೊಂಟದ ಮೇಲೇ ಎದ್ದು ಕೂತಳು. "ಅರ್ಧ! ನಾನು ಹಗಲೂ ರಾತ್ರಿ ಹೊತ್ಕೊಂಡು ಸತ್ತಿದೀನಿ, ಆ ಕೊಟ್ರಿಗೆ ನಾನು ಅರ್ಧ ವಾಕ್ಯವಾ? ಮಾವಿನಕಾಯಿಗಿಂತ ಕಡೆಯಾ?"

ಗುರುಶಾಂತಪ್ಪ ಹಿಂದಿನಿಂದ ಎದ್ದು ನಿಂತ. ಬೆಳಗ್ಗೆ ಬೇಡಿಕೊಂಡದ್ದು ಮರೆತೇಹೋಗಿತ್ತು, ಓದುಮನೆಯ ಹುಮ್ಮಸ್ಸು ಅವನನ್ನು ಹಿಡಿದಿತ್ತು. "ಅಕ್ಕಾರೇ, ಒಂದು ಮಾತು. ಬಹಳ ನೋವಿದ್ದ ಕಡೇನೇ ಬರೆಯೋರು ಬಾಯಿ ಮುಚ್ಕೋತಾರೆ ಅಂತ ನೀವೇ ಕಲ್ಸಿದ್ದು. ಅರ್ಧಾನೇ ಹೇಳಿದಾಳೆ ಅಂದ್ರೆ ಅಲ್ಲೇ ಗಾಯ ಇರ್ಬೇಕಲ್ಲ?"

ಒಳ್ಳೆಯ ಪ್ರಶ್ನೆ. ಎಲ್ಲರ ಕತ್ತೂ ಚಂಪಕ್ಕನ ಕಡೆ ತಿರುಗಿತು. ಅವರಿಗೆ ಸಿಟ್ಟು ಬರಲಿಲ್ಲ. ಶಿಷ್ಯ ಎದುರಾಡಿದಾಗ ಮೇಷ್ಟರಿಗೆ ಆಗುವ ಸಂತೋಷ ಅವರ ಮುಖದ ಮೇಲಿತ್ತು. "ಸರಿಯಾಗಿ ಕೇಳಿದೆ ಗುರುಶಾಂತಪ್ಪ. ನಾನೂ ಮೊದಲು ಹಾಗೇ ಅಂದ್ಕೊಂಡೆ. ಗಾಯ ಮುಚ್ಚಿಕೊಂಡು ಬರೆದ್ರೆ ಅದರ ಸುತ್ತ ಬರವಣಿಗೆ ಕುಂಟುತ್ತೆ. ಕರಿಬಸಯ್ಯಾ, ಆ ವಾಕ್ಯದ ಹಿಂದೂ ಮುಂದೂ ಓದು."

ಓದಿದೆ. ಹಿಂದೆ, ಗಿರಿಜೆ ತನ್ನ ಹುಟ್ಟೂರು ನೆನೆಯುವ ಕಡೆ, ಅವಳೂ ಅವಳ ಗೆಳತಿಯೂ ಮರ ಹತ್ತಿ ಇರುವೆ ಕಚ್ಚಿಸಿಕೊಂಡು ಕಿರುಚಿದ್ದು. ಮುಂದೆ ಅವಳ ತಾಯಿ ಕಾಯಿ ಹೆಚ್ಚುತ್ತ ಊರಿನವರ ಅಣಕ ಮಾಡಿ ನಗಿಸಿದ್ದು. ಓದುತ್ತ ನನಗೇ ನಗು ಬಂತು.

"ಎಲ್ಲಾದ್ರೂ ಕುಂಟಿದೆಯಾ? ಇಲ್ಲ. ನೀರು ಹರಿದ ಹಾಗೆ ಹರಿದಿದೆ. ಈಗ ವೀರಾಚಾರಿ ಸತ್ತ ಅಧ್ಯಾಯ ತೆಗಿ."

ತೆಗೆದೆ. ನಾನು ಒಮ್ಮೆ ಓದಿದ್ದೇ. ಆದರೆ ಈಗ ಚಂಪಕ್ಕ ಹೇಳಿಕೊಟ್ಟ ಮೇಲೆ ಬೇರೆಯೇ ಕಂಡಿತು. ಮುದುಕ ಸತ್ತ ಎಂಬ ಮಾತೇ ಅಲ್ಲಿಲ್ಲ. ಅವನ ಹೆಸರೂ ಇಲ್ಲ. ಗಿರಿಜೆ ಗೋಪುರ ಹತ್ತುತ್ತಾಳೆ. ಎಣ್ಣೆ ಹಾಕುತ್ತಾಳೆ. ಚಿಂದಿ ಮಡಿಸುತ್ತಾಳೆ. ಇಳಿಯುತ್ತಾಳೆ. ಮತ್ತೆ ಹತ್ತುತ್ತಾಳೆ, ಹಾಕಿದ್ದ ಎಣ್ಣೆಯನ್ನೇ ಇನ್ನೊಮ್ಮೆ ಹಾಕುತ್ತಾಳೆ. ವಾಕ್ಯವೆಲ್ಲ ತುಂಡು ತುಂಡು. ಓದುವಾಗ ಉಸಿರು ಸಿಗುತ್ತಿರಲಿಲ್ಲ.

"ಗಾಯ ಇಲ್ಲಿದೆ" ಅಂದರು ಚಂಪಕ್ಕ. ಗುರುಶಾಂತಪ್ಪ ಮೆಲ್ಲಗೆ ಕೂತ.

ಆಮೇಲೆ ಅವರು ಕೊನೆ ಕಟ್ಟಿದರು. ಅಂಥ ಕೊನೆ ನಾನು ಕೇಳಿಯೇ ಇಲ್ಲ. "ಗೋಪುರದ ಕೀಲಿ ತೂಗುಹಾಕೋ ಮೊಳೆ ನೆನಪಿದೆಯಾ? ಮೊದಲು ಗಿರಿಜೆ ಅದನ್ನ ತಲೆಗಿಂತ ಮೇಲೆ ಹೊಡೀತಾಳೆ. ನಡುವೆ ಒಂದು ಸಲ ಕಿತ್ತು ಭುಜದ ಮಟ್ಟಕ್ಕೆ ಹೊಡೀತಾಳೆ. ಬೆಳ್ಳಗಿನ ಹಾಳೆಗೆ ಸ್ವಲ್ಪ ಮುಂಚೆ ಸೊಂಟದ ಮಟ್ಟಕ್ಕೆ. ವಯಸ್ಸಾಯ್ತು, ಕೈ ಎತ್ತಕ್ಕಾಗಲ್ಲ ಅಂತ ನೀವೆಲ್ಲಾ ಅಂದ್ರಿ. ಎಷ್ಟೇ ವಯಸ್ಸಾದ್ರೂ ಎತ್ತರದ ಹೆಂಗಸು ಸೊಂಟದ ಮಟ್ಟಕ್ಕೆ ಮೊಳೆ ಹೊಡ್ಕೊಳ್ಳಲ್ಲ, ಬಗ್ಗಬೇಕಾಗುತ್ತೆ. ಅದು ಬೇರೆಯೋರಿಗೆ. ಗೋಪುರದ ಕಸ ಗುಡಿಸೋ ಗಿಡ್ಡ ಮಲ್ಲಿ ಬರ್ತಾಳಲ್ಲ, ಗಂಟೆ ಹೊಡೆದಾಗ ಪೊರಕೆ ನಿಲ್ಲಿಸಿ ಮೇಲೆ ನೋಡೋಳು, ಅವಳಿಗೆ. ಕೊನೇಲಿ ಗಿರಿಜೆ ಏನೂ ಹೇಳಲ್ಲ. ಒಂದು ಬೆಳಗ್ಗೆ ಗೋಪುರಕ್ಕೆ ಬರೋದಿಲ್ಲ, ಅಷ್ಟೇ. ಮನೇಲಿ ಕೂತು ಕಾಯ್ತಾಳೆ. ಗಂಟೆ ಹೊಡೆಯುತ್ತೆ. ಹೊಡೆದೋಳು ಮಲ್ಲಿ."

ಮಹಬೂಬ ಟೋಪಿ ತೆಗೆದು ಮುಖ ಒರೆಸಿಕೊಂಡ. ನಾವೆಲ್ಲ ಕ್ಷಮೆ ಕ್ಷಮೆ ಅಂತ ಪುಸ್ತಕವನ್ನೆಲ್ಲ ಕೆದರಿ ಹಾಕಿದ್ದೆವು, ಆ ಮೊಳೆ ನಮ್ಮ ಕಣ್ಣೆದುರೇ ಇತ್ತು. ಕೊಟ್ರಮ್ಮನ ಪ್ರೀತಿ ಎಲ್ಲಿತ್ತು ಅಂತ ಈ ಮಹಾತಾಯಿ ತೋರಿಸಿಕೊಟ್ಟರು.

ಹಾಲಮ್ಮಜ್ಜಿ ಮತ್ತೆ ದಿಂಬಿಗೆ ಒರಗಿದಳು. ಸಿಟ್ಟು ಇಳಿದಿತ್ತು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ಹಂಗಾರೆ ಅವಳ ಬಾಳು ನಾನು ಹಾಳು ಮಾಡ್ಲಿಲ್ವಾ?"

"ನೀವು ಮಾಡಿದ್ದು ತಪ್ಪೇ," ಅಂದರು ಚಂಪಕ್ಕ. "ಅದನ್ನ ನಾನು ಇಲ್ಲ ಅನ್ನಲ್ಲ. ಆದ್ರೆ ಹಾಳಾದ ಬಾಳು ಇದರಲ್ಲಿ ಎಲ್ಲೂ ಕಾಣ್ಲಿಲ್ಲ."

"ಸುಖವಾಗಿದ್ಲಾ?"

ಇಲ್ಲಾದರೂ ಹೂಂ ಅನ್ನುತ್ತಾರೆ ಅಂತ ನಾನು ಕಾದೆ. ಚಂಪಕ್ಕ ಯೋಚನೆ ಮಾಡಿಯೇ ಹೇಳಿದರು. "ಅವಳು ಹೇಗಿದ್ಲೋ ನಂಗೆ ಗೊತ್ತಿಲ್ಲ ಅಜ್ಜಿ, ನಾನು ನೋಡಿಲ್ಲ. ಪುಸ್ತಕವಂತೂ ಸುಖವಾಗಿದೆ."

ಅಜ್ಜಿಯ ಕಣ್ಣಲ್ಲಿ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ನಮ್ಮೂರಿನಲ್ಲಿ ಕೊನೆ ಕಟ್ಟಿದ ಮೇಲೆ ಪುಸ್ತಕ ಮುಚ್ಚಿ ಕಣ್ಣಿಗೆ ಒತ್ತಿಕೊಂಡು ಏಳುವುದು ಪದ್ಧತಿ. ಜನ ಏಳುತ್ತಿದ್ದರು, ಚಪ್ಪಲಿ ಹುಡುಕುತ್ತಿದ್ದರು. ನಾನು ಪುಸ್ತಕ ಮುಚ್ಚಿದೆ. ಅಜ್ಜಿ ಕೈ ಚಾಚಿ ನನ್ನ ಅಂಗಿಯ ತೋಳು ಹಿಡಿದುಕೊಂಡಳು.

"ಎಲ್ಲಿಗೆ ಹೊರಟ್ಯಲೇ? ಮೊದಲಿಂದ ಓದು."

"ಈಗಷ್ಟೇ ಪೂರಾ ಓದಿದೆನಲ್ಲ ಅಜ್ಜಿ?"

"ನೀನು ಓದ್ದೆ. ನಾನು ಎಲ್ಲಿ ಕೇಳ್ದೆ? ಬರೀ ನನ್ನೇ ಹುಡುಕ್ತಾ ಕೂತಿದ್ದೆ. ಈಗ ಅವಳೇನು ಹೇಳ್ತಾಳೋ ಕೇಳಾನ."

ನಾನು ಚಂಪಕ್ಕನ ಮುಖ ನೋಡಿದೆ. ಅವರು ಎದ್ದವರು ಮತ್ತೆ ಕೂತರು. ನಾನು ಗಂಟಲು ಸರಿಮಾಡಿಕೊಂಡು ಮೊದಲ ಪುಟ ತೆಗೆದೆ. "ಗಿರಿಜೆ ಮೊದಲ ಸಲ ಗೋಪುರ ಹತ್ತಿದಾಗ ಲೋಲಕ ನಿಂತಿತ್ತು."

"ತಡಿ ತಡಿ," ಅಂದಳು ಹಾಲಮ್ಮಜ್ಜಿ. ಇಷ್ಟು ದಿನದ ಓದಿನಲ್ಲಿ ಅವಳು ಒಂದು ಪದದ ಅರ್ಥವನ್ನೂ ಕೇಳಿರಲಿಲ್ಲ. "ಲೋಲಕ ಅಂದ್ರೆ ಏನೇ ಚಂಪವ್ವಾ? ನಮ್ಮ ಕೊಟ್ರಿ ಅದನ್ನ ಏನು ಮಾಡ್ತಿದ್ಲು?"